ಮಿಲ್ಲಕ್ಕ ಅಗೆಸಿದ ರಸ್ತೆ

ಮದ್ದೂರಿನಿಂದ ನಮ್ಮ ಹಳೆಯ ಮನೆಯ ಓನರಮ್ಮ ಫೋನು ಮಾಡಿ, "ನಿಮ್ ಮಿಲ್ಲಕ್ಕ ಓಗ್ಬುಟ್ರು ಕಣ್ ಸಿಸ್ಟ್ರೇ" ಎಂದಾಗ ನಾನು ಮಳವಳ್ಳಿಯ ನಮ್ಮ ಮನೆಯ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಉಬ್ಬಸ ಜಾಸ್ತಿಯಾಗಿತ್ತಂತೆ. ಮಂಡ್ಯದ ಆಸ್ಪತ್ರೆಗೆ ಸೇರಿಸಿದ್ದರಂತೆ. ಫೋನಿಟ್ಟು, ಬಕೆಟ್ಟಿನಲ್ಲಿ ಉಳಿದಿದ್ದ ಬಟ್ಟೆಗಳನ್ನೂ ಹರವಿ ಮುಗಿಸಿ, ಮೆಟ್ಟಿಲ ಮೇಲೆ ಕೂತೆ. ಅವರನ್ನು ಕೊನೆಯ ಸಲ ನೋಡಿ ಬಹಳ ಕಾಲವಾಗಿತ್ತು. ಆದರೂ ಆ ಹೊತ್ತಿನಲ್ಲಿ ನನಗೆ ಬಂದದ್ದು ಅಳುವಲ್ಲ, ನಗು. ಮಿಲ್ಲಕ್ಕನನ್ನು ನೆನೆದರೆ ಮೊದಲು ನಗುವೇ ಬರುತ್ತದೆ.

ನಾನು ಮದ್ದೂರಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ನಮ್ಮ ಯಜಮಾನರಿಗೆ ಮಂಡ್ಯದಲ್ಲಿ ಕೆಲಸ, ದಿನವೂ ರೈಲಿನಲ್ಲಿ ಓಡಾಟ. ನಾವು ಬಾಡಿಗೆಗಿದ್ದ ರಸ್ತೆ ಮುಗಿಯುವ ಮೂಲೆಯಲ್ಲಿ ಒಂದು ಹಿಟ್ಟಿನ ಮಿಲ್ಲು. ಅಲ್ಲಿಂದ ಎಡಕ್ಕೆ ತಿರುಗಿದರೆ ಮೆಕ್ಯಾನಿಕ್ ಗಲ್ಲಿ. ಅಲ್ಲಿ ಎಲ್ಲರದೂ ಮುಂದೆ ಗ್ಯಾರೇಜು, ಹಿಂದೆ ಮನೆ. ಮಿಲ್ಲನ್ನು ನಡೆಸುತ್ತಿದ್ದವರು ಗಂಡ ಹೆಂಡತಿ. ಹೆಂಡತಿಯೇ ನಮ್ಮ ವಾರ್ಡಿನ ಪುರಸಭೆ ಮೆಂಬರು. ಅವರ ಹೆಸರು ಮಿಲ್ಲಿನ ಬೋರ್ಡಿನ ಮೇಲಿತ್ತು, ಚುನಾವಣೆಯ ಪೋಸ್ಟರಿನ ಮೇಲಿತ್ತು. ಜನರ ಬಾಯಲ್ಲಿ ಮಾತ್ರ ಇರಲಿಲ್ಲ. ಎಲ್ಲರಿಗೂ ಮಿಲ್ಲಕ್ಕ. ಪುರಸಭೆಯ ಎಂಜಿನಿಯರ್ ಒಬ್ಬರು ಹೊಸದಾಗಿ ಬಂದಾಗ "ಮೇಡಂ" ಎಂದು ಕರೆದರಂತೆ. "ಅಕ್ಕ ಅನ್ನಿ ಸಾರ್. ಮೇಡಂ ಅಂತ ಕರದ್ರೆ ನಾಳೆ ಬನ್ನಿ ಅನ್ನಾಕೆ ನಿಮ್ಗೆ ಸಲೀಸಾಯ್ತದೆ" ಎಂದರಂತೆ ಇವರು.

ಆ ಮಿಲ್ಲಿನ ಸದ್ದಿನ ಪಕ್ಕದಲ್ಲೇ ಅರ್ಧ ಆಯುಸ್ಸು ಕಳೆದ ಹೆಂಗಸಿಗೆ ಮೆಲ್ಲಗೆ ಮಾತಾಡುವುದು ಮರೆತೇ ಹೋಗಿತ್ತು. ಕಿವಿಯೂ ವಸಿ ಮಂದ. ಇದು ನನಗೆ ಗೊತ್ತಾದದ್ದು ನಾವು ಆ ಮನೆಗೆ ಬಂದ ಹೊಸತರಲ್ಲಿ. ನಮ್ಮ ಬಚ್ಚಲ ನೀರು ಚರಂಡಿಗೆ ಹೋಗದೆ ಅಲ್ಲೇ ನಿಲ್ಲುತ್ತಿತ್ತು. ರಾಗಿ ಬೀಸಿಸುವ ನೆಪದಲ್ಲಿ ಹೋಗಿ, ಸರದಿಯಲ್ಲಿ ನಿಂತವರಿಗೆ ಕೇಳಿಸದ ಹಾಗೆ ಅವರ ಕಿವಿಯ ಹತ್ತಿರ ಬಾಗಿ ಹೇಳಿದೆ. ತಲೆಗೆ ಕಟ್ಟಿದ್ದ ಟವಲನ್ನು ಸರಿಸಿ, ಹಿಟ್ಟು ಮೆತ್ತಿದ ಹುಬ್ಬು ಎತ್ತಿ ಅವರು ಕೂಗಿದರು: "ಏನವ್ವಾ? ನಿಮ್ ಬಚ್ಚಲ್ ನೀರು ಆಚೀಗ್ ಓಯ್ತಿಲ್ವಾ?"

ಸರದಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮಾರನೆಯ ಬೆಳಿಗ್ಗೆ ಚರಂಡಿ ತೆಗೆಯುವವರನ್ನು ಕರೆದುಕೊಂಡು ಅವರೇ ಬಂದು ನಿಂತು ಕೆಲಸ ಮಾಡಿಸಿದರು, ಅದೇನೋ ಸರಿ. ಆದರೆ ಒಂದು ವಾರ ನಾನು ಎಲ್ಲಿ ಹೋದರೂ, ಎಳನೀರು ಮಾರುಕಟ್ಟೆಯ ಹತ್ತಿರ ಬಸ್ಸಿಗೆ ಕಾಯುವಾಗಲೂ, ಯಾರೋ ಒಬ್ಬರು ಬಂದು "ಬಚ್ಚಲ್ ನೀರು ಓಯ್ತಾ ಸಿಸ್ಟ್ರೇ?" ಎಂದು ವಿಚಾರಿಸಿಕೊಳ್ಳುತ್ತಿದ್ದರು.

ಅವರು ಮೆಂಬರಾದ ಕತೆಯನ್ನು ಅವರ ಗಂಡನೇ ನನಗೆ ಹೇಳಿದ್ದು. ಸಣ್ಣ ಆಳು, ಮಾತು ಕಡಿಮೆ. ವಾರ್ಡು ಹೆಂಗಸರಿಗೆ ಮೀಸಲಾದಾಗ ಪಕ್ಷದವರು ಬಂದು, "ನಿಮ್ಮ ಮನೆಯವರನ್ನು ನಿಲ್ಲಿಸಿ, ನೀವು ನೋಡಿಕೊಳ್ಳಿ" ಎಂದು ಇವರನ್ನು ಕೇಳಿದರಂತೆ. ಇವರು ಮಿಲ್ಲಿನ ಕಡೆ ಕೈ ತೋರಿಸಿದರಂತೆ. ಒಳಗೆ ಹೋದವರನ್ನು ಅಕ್ಕ, "ಇವ್ರು ಬೆಸಗರಳ್ಳಿಯಿಂದ ಬಂದವ್ರೆ, ಬಸ್ ತಪ್ಪೋಯ್ತದೆ. ಅವ್ರ್ ರಾಗಿ ಮುಗೀಲಿ, ಆಮ್ಯಾಕೆ ಮಾತಾಡಾನ" ಎಂದು ಕೂರಿಸಿದರಂತೆ. ಪಕ್ಷದವರು ಬಿಳಿ ಬಟ್ಟೆಗೆಲ್ಲ ಹಿಟ್ಟು ಮಾಡಿಕೊಂಡು ಕಾದರಂತೆ. ಗೆದ್ದ ಮೇಲೂ ಆ ಮನುಷ್ಯ ಪುರಸಭೆಯ ಮೆಟ್ಟಿಲು ಹತ್ತಲಿಲ್ಲ. ಯಾರಾದರೂ ಅವರ ಹತ್ತಿರ ದೂರು ತಂದರೆ, "ನನ್ನೇನ್ ಕೇಳೀರಿ, ನಾನು ಬರೀ ಹಿಟ್ಟು" ಎನ್ನುತ್ತಿದ್ದರು.

ಅಕ್ಕ ಕೆರಗೋಡಿನ ಕಡೆಯ ರೈತರ ಮನೆಯ ಮಗಳು, ಓದಿದ್ದು ಏಳನೇ ಕ್ಲಾಸು. ಯಾವ ದೂರು ಬಂದರೂ ಅವರು ಮೊದಲು ಹೇಳುತ್ತಿದ್ದ ಮಾತು, "ನಡಿ, ನೋಡಾನ." ಕೂತಲ್ಲಿಂದ ಫೋನು ಮಾಡಿ ಹೇಳಿಬಿಡುವ ಅಭ್ಯಾಸ ಅವರಿಗಿರಲಿಲ್ಲ. ಅಂಗೈಯಿಂದ ಸೀರೆಯ ಹಿಟ್ಟು ಕೊಡವಿಕೊಂಡು ಎದ್ದು ಬರುತ್ತಿದ್ದರು. ದೂರು ಕೊಟ್ಟವರ ಜಗಲಿಯ ಮೇಲೆ ಕೂತು ಮೊದಲು ಕುಡಿಯಲು ನೀರು ಕೇಳುತ್ತಿದ್ದರು. ಕಾಫಿ ಕೊಟ್ಟರೆ ಆಮೇಲೆ. ನೀರು ಕುಡಿಯದೆ ಯಾರ ಮನೆಯ ಮಾತನ್ನೂ ಅವರು ಆರಂಭಿಸಿದ್ದನ್ನು ನಾನು ಕಾಣೆ.

ನಮ್ಮ ಎದುರು ಮನೆಯಲ್ಲಿ ಇಬ್ಬರು ವಾರಗಿತ್ತಿಯರಿದ್ದರು. ಭಾಗವಾದ ಮೇಲೆ ಹಿರಿಯವಳ ತಾರಸಿಯ ನೀರು ಕಿರಿಯವಳ ಬಾಗಿಲಿಗೇ ಸುರಿಯುತ್ತಿತ್ತು. ಜಗಳ ಪೊಲೀಸರವರೆಗೂ ಹೋಗಿ ಬಂದಿತ್ತು. ಒಂದು ಮಧ್ಯಾಹ್ನ ಜೋರು ಮಳೆ. ಅಕ್ಕ ಗೋಣಿಚೀಲ ತಲೆಗೆ ಹೊದ್ದುಕೊಂಡು ಬಂದು ಕಿರಿಯವಳ ಜಗಲಿಯ ಮೇಲೆ ಕೂತು, ಪಕ್ಕದ ಮನೆಗೆ ಕೂಗಿದರು: "ಅತ್ತಿಗೇರೇ, ಇವ್ಳ್ ಮನೇಲಿ ಸಕ್ರೆ ಆಗೋಗದಂತೆ, ವಸಿ ಕಾಫಿ ತಂದ್ ಕೊಡಿ." ಮೆಂಬರು ಕೇಳಿದರೆ ಇಲ್ಲವೆನ್ನಲಾಗುತ್ತದೆಯೆ? ಹಿರಿಯವಳು ಲೋಟ ಹಿಡಿದು ಬಂದಳು. ಬಾಗಿಲ ಬಳಿ ಬರುವಷ್ಟರಲ್ಲಿ ಅವಳದೇ ತಾರಸಿಯ ನೀರು ತಲೆಯ ಮೇಲೆ ಧೋ ಎಂದು ಬಿತ್ತು. ಕಾಫಿ ನೀರಾಯಿತು. ಅಕ್ಕ ಆ ಲೋಟವನ್ನೇ ಇಸಿದುಕೊಂಡು ಕುಡಿಯುತ್ತಾ, "ಚಳಿಯಾಯ್ತಾ ಅತ್ತಿಗೇರೇ? ಇವ್ಳು ಮಳೆ ಬಂದಾಗ್ಲೆಲ್ಲ ಇಂಗೇ ನೆನೀತಾಳೆ" ಎಂದರು. ಕಿರಿಯವಳು ಕಿಸಕ್ಕನೆ ನಕ್ಕಳು, ತಡೆಯಲಾರದೆ ಹಿರಿಯವಳೂ ನಕ್ಕಳು. ಆ ವಾರವೇ ತಾರಸಿಗೆ ಪೈಪು ಬಂತು.

ಇಂಥವು ಎಷ್ಟೋ ಇವೆ. ಆದರೆ ಅಕ್ಕನನ್ನು ನಾನು ನಿಜವಾಗಿ ಕಂಡದ್ದು ರಸ್ತೆಯ ವಿಚಾರದಲ್ಲಿ.

ನಮ್ಮ ರಸ್ತೆ ಬಹಳ ವರ್ಷ ಕೆಸರಿನ ಗುಂಡಿಯಾಗಿತ್ತು. ಮಳೆಗಾಲದಲ್ಲಿ ಆಟೋದವರು ತಿರುವಿನಲ್ಲೇ ಇಳಿಸಿ ಹೋಗುತ್ತಿದ್ದರು. ಅಕ್ಕ ಅಲೆದು, ಸಭೆಯಲ್ಲಿ ಕೂಗಾಡಿ, ಕೊನೆಗೂ ಅದಕ್ಕೆ ಕಾಂಕ್ರೀಟು ಹಾಕಿಸಿದರು. ಕಲ್ಲಿನ ಮೇಲೆ ಅವರ ಹೆಸರು ಕೆತ್ತಿ ನಿಲ್ಲಿಸಿದ್ದರು. ಉದ್ಘಾಟನೆಯಾದ ದಿನ ಸಂಜೆ, ಜನರೆಲ್ಲ ಹೋದ ಮೇಲೆ, ಗಂಡ ಹೆಂಡತಿ ಇಬ್ಬರೂ ಚಪ್ಪಲಿ ಬಿಟ್ಟು ಆ ರಸ್ತೆಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದಾಡುವುದನ್ನು ನಾನು ಕಿಟಕಿಯಿಂದ ನೋಡಿದೆ.

ಕಾಂಕ್ರೀಟಿನ ಬಣ್ಣ ಇನ್ನೂ ಮಾಸಿರಲಿಲ್ಲ, ಮೆಕ್ಯಾನಿಕ್ ಗಲ್ಲಿಯ ಮಕ್ಕಳಿಗೆ ಕಾಮಾಲೆ ಶುರುವಾಯಿತು. ಮೊದಲು ಒಬ್ಬ ಹುಡುಗ, ಆಮೇಲೆ ಅಕ್ಕಪಕ್ಕದ ಮನೆಗಳಲ್ಲಿ. ಟಿಂಕರಿಂಗ್ ಕೆಲಸದವರ ಮನೆಯ ಶಾಹಿದಾ ತನ್ನ ಮಗಳು ಮುಸ್ಕಾನಳನ್ನು ಸೊಂಟದ ಮೇಲೆ ಎತ್ತಿಕೊಂಡು ಆಸ್ಪತ್ರೆಗೆ ಬಂದಾಗ, ಶಾಲೆಗೆ ಹೋಗುವ ಅಷ್ಟು ದೊಡ್ಡ ಹುಡುಗಿ ಕತ್ತು ನೆಟ್ಟಗೆ ನಿಲ್ಲಿಸಲಾರದೆ ತಾಯಿಯ ಹೆಗಲಿಗೆ ಒರಗಿದ್ದಳು. ಕಣ್ಣು ಅರಿಶಿನ ಹಚ್ಚಿದಂತಿತ್ತು. ಡಾಕ್ಟರು ಮಂಡ್ಯಕ್ಕೆ ಕಳಿಸಿದರು. ಬಂದವರೆಲ್ಲ ಒಂದೇ ಗಲ್ಲಿಯವರು ಎನ್ನುವುದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಡ್ಯೂಟಿ ಮುಗಿಸಿ ನೇರ ಮಿಲ್ಲಿಗೆ ಹೋದೆ.

"ನಡಿ, ನೋಡಾನ" ಎಂದರು ಅಕ್ಕ.

ಶಾಹಿದಾ ಮಗಳ ಜೊತೆ ಮಂಡ್ಯದಲ್ಲಿದ್ದಳು. ಮನೆಯಲ್ಲಿ ಅವಳ ಅತ್ತೆ ಇದ್ದರು. ಅಕ್ಕ ಹೊಸ್ತಿಲ ಮೇಲೆ ಕೂತು, ಎಂದಿನಂತೆ, ಕುಡಿಯಲು ನೀರು ಕೇಳಿದರು. ನಾನು ಬೇಡವೆಂದು ಕಣ್ಸನ್ನೆ ಮಾಡಿದೆ. ಅವರು ಲೋಟ ಮೂಗಿನ ಹತ್ತಿರ ಹಿಡಿದು ನೋಡಿ, ಒಂದು ಗುಟುಕು ಕುಡಿದೇಬಿಟ್ಟರು.

"ಅಕ್ಕಾ, ನಿಮಗೇನು ತಲೆ ಕೆಟ್ಟಿದೆಯಾ?" ಎಂದೆ.

"ಐಕ್ಳು ದಿನಾ ಕುಡೀತಾವ್ರೆ ಸಿಸ್ಟ್ರೇ. ನಾನೊಂದ್ ಗುಟ್ಕು ಕುಡುದ್ರೆ ಸತ್ತೋಯ್ತೀನಾ?" ಎಂದು ಬಾಯಿ ಒರೆಸಿಕೊಂಡರು. "ಇದು ಚರಂಡಿ ವಾಸ್ನೆ."

ಅಂದಿನಿಂದಲೇ ಗಲ್ಲಿಗೆ ಆ ನಲ್ಲಿಯ ನೀರು ನಿಂತಿತು. ಅಕ್ಕನ ಗಂಡ ಮಿಲ್ಲಿನ ಬೋರ್‌ವೆಲ್ ನೀರನ್ನು ಕ್ಯಾನುಗಳಲ್ಲಿ ತುಂಬಿ, ಹಿಟ್ಟಿನ ಚೀಲ ಸಾಗಿಸುವ ಟಿವಿಎಸ್ಸಿನ ಮೇಲೆ ಮನೆಮನೆಗೆ ಕೊಂಡೊಯ್ದು ಕೊಡುತ್ತಿದ್ದರು. ಎಂಜಿನಿಯರ್ ಬಂದು ನೋಡಿದರು. ಗಲ್ಲಿಗೆ ಹೋಗುವ ಪೈಪು ನಮ್ಮ ರಸ್ತೆಯ ಅಡಿಯಲ್ಲಿದೆ, ಎಲ್ಲೋ ಚರಂಡಿ ನೀರು ಸೇರುತ್ತಿದೆ, ಎಲ್ಲಿ ಎನ್ನುವುದು ಅಗೆಯದೆ ತಿಳಿಯುವುದಿಲ್ಲ ಎಂದರು. ಅಗೆಯುವುದೆಂದರೆ ಆ ಹೊಸ ರಸ್ತೆಯನ್ನೇ.

"ಅಗೀರಿ" ಎಂದರು ಅಕ್ಕ.

ಬೆಳಿಗ್ಗೆ ಜೆಸಿಬಿ ಬಂದು ನಿಂತಾಗ ರಸ್ತೆಯವರೆಲ್ಲ ಹೊರಗೆ ಬಂದಿದ್ದರು. ಮಂಜು ಎನ್ನುವವನು, ಸೈಟು ವ್ಯಾಪಾರದ ಹುಡುಗ, ಅಕ್ಕನ ಚುನಾವಣೆಯಲ್ಲಿ ಮೈಕು ಹಿಡಿದು ಓಡಾಡಿದ್ದವನು, ಜೆಸಿಬಿಯ ಮುಂದೆ ಹೋಗಿ ನಿಂತ.

"ಅಕ್ಕ, ಈ ರೋಡ್‌ಗೋಸ್ಕರ ಎಷ್ಟ್ ವರ್ಸ ಕಾದಿದ್ದೀವಿ ಗೊತ್ತಾ? ಅಲ್ಲೆಲ್ಲೋ ನಾಕ್ ಮನೆಗಾಗಿ ಇದ್ನ ಕಿತ್ತಾಕ್ತೀಯಾ? ಅವ್ರೇನ್ ನಮ್ಗೆ ಓಟಾಕವ್ರಾ?"

"ಓಟಾಕ್ದೋರ್ ಒಟ್ಟೆ ಬ್ಯಾರೆ, ಆಕ್ದಿರೋರ್ ಒಟ್ಟೆ ಬ್ಯಾರೆನಾ ಮಂಜ? ಆಸ್ಪತ್ರೇಲಿ ಮಲ್ಗಿರೋ ಕೂಸ್ನ ಓಗಿ ಒಂದ್ ದಪ ನೋಡ್ಕೊ ಬಾ. ಆಮ್ಯಾಕೂ ಇಲ್ಲೇ ನಿಂತ್ಕೊಂಡ್ರೆ ನಾನೇ ಮಿಸೀನ್ ವಾಪಸ್ ಕಳುಸ್ತೀನಿ."

ಮಂಜು ಆಸ್ಪತ್ರೆಗೂ ಹೋಗಲಿಲ್ಲ, ಅಲ್ಲಿ ನಿಲ್ಲಲೂ ಇಲ್ಲ. ಗೊಣಗುತ್ತಾ ಪಕ್ಕಕ್ಕೆ ಸರಿದ.

ಚರಂಡಿ ರಸ್ತೆಯನ್ನು ದಾಟುವ ಕಡೆ ಮೊದಲು ಅಗೆದರು. ಪೈಪು ಗಟ್ಟಿಯಾಗಿತ್ತು. ಆಮೇಲೆ ಹಳೆಯ ಜಾಯಿಂಟು ಇದ್ದ ಕಡೆ, ಸರಿಯಾಗಿ ಮಂಜುವಿನ ಗೇಟಿನ ಮುಂದೆ. ಅಲ್ಲೂ ಏನಿಲ್ಲ. ಎರಡು ಕಡೆ ಬಾಯಿ ತೆರೆದ ರಸ್ತೆ ನೋಡಿ ಜನ ಸಿಟ್ಟಾದರು, ಕೆಲವರು ನಕ್ಕರು. "ಅಕ್ಕ ಚಿನ್ನ ಉಡುಕ್ತಾವ್ರೆ" ಎಂದು ಯಾರೋ ಅಂದರು. ಅಕ್ಕ ಮಿಲ್ಲು ಮುಚ್ಚಿ, ಬಿಸಿಲಲ್ಲಿ ಮಣ್ಣಿನ ಗುಡ್ಡೆಯ ಮೇಲೆ ಕೂತಿದ್ದರು. ಇನ್ನು ಉಳಿದದ್ದು ರಸ್ತೆಯ ಕೊನೆ, ಅಂದರೆ ಅವರ ಮಿಲ್ಲಿನ ಮುಂಭಾಗ.

ನೀರು ಬಿಡುವ ನೀರುಗಂಟಿ ಸಿದ್ದಯ್ಯ ಗುಂಡಿಗೆ ಇಳಿದು ಕೈಯಲ್ಲಿ ಮಣ್ಣು ತೆಗೆಯುತ್ತಿದ್ದ. ನಾನು ಡ್ಯೂಟಿಗೆ ಹೊರಟವಳು ಅಲ್ಲೇ ನಿಂತಿದ್ದೆ. ಅವನು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದ. ದೊಡ್ಡ ಪೈಪಿನಿಂದ ಒಂದು ಸಣ್ಣ ಕಬ್ಬಿಣದ ಪೈಪು ಕವಲೊಡೆದು ಮಿಲ್ಲಿನ ಕಡೆಗೆ ಹೋಗಿ, ಚರಂಡಿಯೊಳಗೇ ನಿಂತುಬಿಟ್ಟಿತ್ತು. ಅದರ ಬಾಯಿಗೆ ಹೊಡೆದಿದ್ದ ಮರದ ಬಿರಡೆ ಕೊಳೆತು ಅರ್ಧ ಉದುರಿತ್ತು. ನಲ್ಲಿಯಲ್ಲಿ ನೀರು ನಿಂತಾಗಲೆಲ್ಲ ಚರಂಡಿಯ ನೀರು ಆ ಬಾಯಿಯಿಂದ ಒಳಗೆ ಹೋಗುತ್ತಿತ್ತು. ಬೋರ್‌ವೆಲ್ ಹಾಕಿಸಿದ ಕಾಲದಲ್ಲಿ ಮಿಲ್ಲಿನವರು ಬೇಡವೆಂದು ಬಿಟ್ಟಿದ್ದ ಹಳೆಯ ಕನೆಕ್ಷನ್ನು ಅದು.

ಸಿದ್ದಯ್ಯ ಮೇಲೆ ಬಂದು, ಆಚೀಚೆ ನೋಡಿ, ಅಕ್ಕನ ಕಿವಿಗೆ ಬಾಯಿಟ್ಟು ಹೇಳಿದ. ಪಕ್ಕದಲ್ಲೇ ಇದ್ದ ನನಗೂ ಕೇಳಿಸಿತು. "ಅಕ್ಕ, ಇದು ನಿಮ್ದೇಯ. ಸುಮ್ಕಿರಿ, ಕ್ಯಾಪ್ ಆಕಿ ಮುಚ್ಬುಡ್ತೀನಿ. ದೊಡ್ ಪೈಪ್ ಒಡ್ದಿತ್ತು ಅಂದ್ರಾಯ್ತು. ಯಾರ್ಗ್ ಗೊತ್ತಾದದು?"

ಅಕ್ಕ ಅಲುಗಾಡಲಿಲ್ಲ. ಕಿವಿ ಮಂದವಲ್ಲವೆ, ಕೇಳಿಸಿರಲಿಕ್ಕಿಲ್ಲ ಎಂದುಕೊಂಡೆ. ಸಿದ್ದಯ್ಯನೂ ಹಾಗೇ ಅಂದುಕೊಂಡು ಮತ್ತೆ ಬಾಗಿದ. ಅಷ್ಟರಲ್ಲಿ ಅವರು ಎದ್ದು ನಿಂತರು.

"ಲೋ ಮಂಜ, ಬಾರ್ಲಾ ಇಲ್ಲಿ! ಎಲ್ರೂ ಬನ್ನಿ. ನಮ್ ಮಿಲ್ಲಿಂದೇ ಕಣ್ರಪ್ಪ. ನಾವ್ ಬುಟ್ಟಿದ್ ಪೈಪು. ಐಕ್ಳಿಗೆ ಚರಂಡಿ ನೀರ್ ಕುಡ್ಸಿದ್ದು ನಾವೇಯ."

ಅವರದು ಸದಾ ಜೋರು ದನಿ. ಆದರೆ ಅವತ್ತು ಅವರು ಕೂಗಿದ್ದು ಅಭ್ಯಾಸದಿಂದಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಕ್ಯಾನು ಹೇರಿಕೊಂಡು ಹೊರಟಿದ್ದ ಅವರ ಗಂಡ ಟಿವಿಎಸ್ ನಿಲ್ಲಿಸಿ ಇಳಿದರು. "ಬಿರಡೆ ಒಡ್ದೋನು ನಾನು" ಎಂದರು, ಯಾರೂ ಕೇಳದಿದ್ದರೂ.

"ನೀವ್ ಒಡುದ್ರಿ, ನಾನ್ ತಿರ್ಗಿ ನೋಡ್ನಿಲ್ಲ. ಓಗಿ, ನೀರ್ ಕೊಟ್ಬುಟ್ ಬನ್ನಿ, ಕಾಯ್ತಾವ್ರೆ" ಎಂದರು ಅಕ್ಕ.

ಗಲ್ಲಿಯ ನೀರು ಸರಿಯಾಯಿತು. ಮಕ್ಕಳು ಚೇತರಿಸಿಕೊಂಡರು. ಎಲ್ಲರಿಗಿಂತ ತಡವಾಗಿ ಮುಸ್ಕಾನ್ ಮನೆಗೆ ಬಂದಳು, ಕಡ್ಡಿಯ ಹಾಗೆ. ಆ ವರ್ಷದ ಪರೀಕ್ಷೆ ಅವಳಿಗೆ ಹೋಯಿತು. ಅಕ್ಕ ನೋಡಲು ಹೊರಟಾಗ ನನ್ನನ್ನೂ ಜೊತೆಗೆ ಕರೆದರು. ಬಹುಶಃ ಒಬ್ಬರೇ ಹೋಗಲು ಧೈರ್ಯವಾಗಲಿಲ್ಲ. ಶಾಹಿದಾ ಕುರ್ಚಿ ಹಾಕಿದಳು. ಅಕ್ಕ ಅವತ್ತು ನೀರು ಕೇಳಲಿಲ್ಲ.

"ತಪ್ಪಾಗೋಯ್ತು ಕಣವ್ವ" ಎಂದರು.

ಶಾಹಿದಾ ಮಗಳ ತಲೆ ಬಾಚುತ್ತಿದ್ದಳು. ಬಾಚಣಿಗೆ ನಿಲ್ಲಿಸಲಿಲ್ಲ. "ನೀವೇ ಅಂತ ನೀವೇ ಹೇಳಿದ್ರಿ, ಎಲ್ರೂ ಹೊಗಳ್ತಾ ಇದಾರೆ ಅಕ್ಕಾ. ನಾನು ಹೊಗಳೋಕಾಗಲ್ಲ. ಮಂಡ್ಯದಲ್ಲಿ ಇವಳ ಕೈ ಹಿಡ್ಕೊಂಡು ಕೂತಿದ್ದೋಳು ನಾನು."

ಅಕ್ಕ ಮುಸ್ಕಾನಳ ಕಾಲು ಮುಟ್ಟಿ ನೋಡಿ, ಎದ್ದರು. ಅಂದಿನಿಂದ ಶಾಹಿದಾ ಮಿಲ್ಲಿಗೆ ಬರುವುದನ್ನು ಬಿಟ್ಟಳು. ಗೋಧಿ, ಅಕ್ಕಿ ಏನಿದ್ದರೂ ಹೊತ್ತುಕೊಂಡು ಪೇಟೆಯ ಇನ್ನೊಂದು ಮಿಲ್ಲಿಗೆ, ಅಕ್ಕನ ಬಾಗಿಲ ಮುಂದೆಯೇ, ನಡೆದು ಹೋಗುತ್ತಿದ್ದಳು. ಅಕ್ಕ ನೋಡುತ್ತಿದ್ದರು, ಕರೆಯುತ್ತಿರಲಿಲ್ಲ. ಅವಳ ಗಲ್ಲಿಯ ಕಸದ ಗಾಡಿ, ಲೈಟು, ಚರಂಡಿ ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಅಗೆದ ಜಾಗಕ್ಕೆ ಹಾಕಿದ ತೇಪೆ ಸರಿಯಾಗಿ ಕೂರಲಿಲ್ಲ. ಪ್ರತಿ ಬೈಕೂ ಅಲ್ಲಿ ಎಗರಿ ಬೀಳುತ್ತಿತ್ತು, ಬಿದ್ದವರು ಅಕ್ಕನನ್ನು ನೆನೆಯುತ್ತಿದ್ದರು. ಮುಂದಿನ ಚುನಾವಣೆಗೆ ವಾರ್ಡು ಜನರಲ್ ಆಯಿತು. ಮಂಜು ನಿಂತ. "ರೋಡ್ ಮಾಡೋರ್ ಬೇಕಾ, ಅಗ್ಸೋರ್ ಬೇಕಾ?" ಎಂದು ಮೈಕಿನಲ್ಲಿ ಕೇಳಿಕೊಂಡು ಹೋದ. ಅಕ್ಕನೂ ನಿಂತರು. ಮನೆಮನೆಗೆ ಬಂದು, "ನೋಡ್ಕೊಂಡ್ ಆಕಿ" ಎಂದಷ್ಟೇ ಹೇಳಿ ಹೋದರು. ಸೋತರು. ಚೆನ್ನಾಗಿಯೇ ಸೋತರು.

ಫಲಿತಾಂಶದ ಮಾರನೆಯ ಬೆಳಿಗ್ಗೆ ಮಿಲ್ಲು ಎಂದಿನ ಹೊತ್ತಿಗೇ ಶುರುವಾಯಿತು. ಸ್ವಲ್ಪ ಹೊತ್ತಿಗೆ ಅಕ್ಕ ಹಿಟ್ಟು ಕೊಡವಿಕೊಂಡು ಮಂಜುವಿನ ಮನೆಗೆ ನಡೆದರು. ಅಲ್ಲಿ ಹಾರ, ಪಟಾಕಿಯ ಕಸ, ಗೆಳೆಯರ ಗುಂಪು.

"ನಾನೀಗ ಬರೀ ಓಟರ್ರು ಕಣಪ್ಪ ಮಂಜ. ದೂರು ಕೊಡಾಕ್ ಬಂದಿವ್ನಿ. ನಮ್ ಮೂಲೆ ಲೈಟು ಉರೀತಿಲ್ಲ."

ಮಂಜು ಕತ್ತು ಕೆರೆದುಕೊಂಡ. ಗೆದ್ದವನ ಮುಖದಲ್ಲಿ ಗಾಬರಿಯಿತ್ತು. "ಅಕ್ಕ, ಇದ್ಕೆಲ್ಲ ಯಾರ್ನ ಇಡೀಬೇಕು?"

"ನಡಿ, ನೋಡಾನ" ಎಂದರು ಅಕ್ಕ.

ಅವತ್ತು ಅವನನ್ನು ಇಡೀ ವಾರ್ಡು ಸುತ್ತಿಸಿದರು. ಎಲ್ಲಿ ವಾಲ್ವು, ಯಾವ ಚರಂಡಿ ಎಲ್ಲಿಗೆ ಸೇರುತ್ತದೆ, ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಎಲ್ಲ ತೋರಿಸಿದರು. ಪ್ರತಿ ಬಾಗಿಲಲ್ಲೂ ಕೂಗಿ ಕರೆದು, "ಇವ್ನೀಗ ನಿಮ್ ಮೆಂಬ್ರು. ನಂಗ್ ಯೋಳ್ತಿದ್ದುದ್ನ ಇವ್ನಿಗ್ ಯೋಳಿ. ಕೇಳ್ನಿಲ್ಲ ಅಂದ್ರೆ ಆವಾಗ್ ನಂಗ್ ಯೋಳಿ" ಎಂದರು. ಮಂಜು ಅವರ ಹಿಂದೆ ಹೊಸ ಬಿಳಿ ಅಂಗಿಯಲ್ಲಿ ತಲೆಯಾಡಿಸುತ್ತಾ ಬಂದ. ಅವನೂ ಕೆಟ್ಟ ಮೆಂಬರಾಗಲಿಲ್ಲ, ಅದನ್ನು ಹೇಳಬೇಕು.

ನನಗೆ ಮಳವಳ್ಳಿಗೆ ವರ್ಗವಾಗುವ ಮುಂಚೆ, ರಂಜಾನ್ ಹತ್ತಿರವಿದ್ದ ಒಂದು ದಿನ, ಮಿಲ್ಲಿನಲ್ಲಿ ಸರದಿಗೆ ನಿಂತಿದ್ದೆ. ನನ್ನ ಹಿಂದೆ ಯಾರೋ ಬಂದು ಸ್ಟೀಲ್ ಡಬ್ಬಿ ನೆಲಕ್ಕಿಟ್ಟರು. ತಿರುಗಿದರೆ ಶಾಹಿದಾ. ಡಬ್ಬಿಯಲ್ಲಿ ತೊಳೆದು ಆರಿಸಿದ ಅಕ್ಕಿ. ಅಕ್ಕ ಅವಳನ್ನು ನೋಡಿದರು, ನನ್ನ ರಾಗಿ ಮುಗಿಸಿದರು. ನಾನು ಚೀಲ ಕಟ್ಟಿಕೊಂಡರೂ ಹೊರಡಲಿಲ್ಲ.

ಶಾಹಿದಾ ಮುಂದೆ ಬಂದು ಏನೋ ಅಂದಳು. ಸದ್ದಿನಲ್ಲಿ ಕೇಳಿಸಲಿಲ್ಲ. ಅಕ್ಕ ಕೈ ಚಾಚಿ ಸ್ವಿಚ್ಚು ಆರಿಸಿದರು. ಬೆಲ್ಟು ನಿಧಾನವಾಗಿ ಸುತ್ತಿ ನಿಂತಿತು.

"ಆಗ ಎಲೆಕ್ಷನ್ನಲ್ಲಿ ನಾನು ನಿಮಗೆ ಹಾಕ್ಲಿಲ್ಲ ಅಕ್ಕಾ" ಎಂದಳು ಶಾಹಿದಾ. "ನಮ್ಮನೇಲಿ ಎಲ್ರೂ ಹಾಕಿದ್ರು. ನನಗೆ ಕೈ ಬರ್ಲಿಲ್ಲ. ಇದನ್ನ ಹೇಳ್ದೆ ನಿಮ್ಮ ಹತ್ರ ಅಕ್ಕಿ ಬೀಸಿಸ್ಕೊಳ್ಳೋಕೆ ಮನಸ್ಸಾಗ್ಲಿಲ್ಲ."

ಅಕ್ಕ ಟವಲಿನ ತುದಿಯಿಂದ ಮುಖ ಒರೆಸಿಕೊಂಡರು. ಹಿಟ್ಟೆಲ್ಲ ಇನ್ನಷ್ಟು ಹರಡಿತು.

"ನಿನ್ ಜಾಗ್ದಲ್ ನಾನಿದ್ದಿದ್ರೂ ಆಕ್ತಿರ್ನಿಲ್ಲ ಕಣವ್ವ" ಎಂದರು. ಬಾಗಿ ಡಬ್ಬಿಯನ್ನು ಎತ್ತಿ, ಒಂದು ಹಿಡಿ ಅಕ್ಕಿಯನ್ನು ಅಂಗೈಗೆ ಹಾಕಿಕೊಂಡು ಆರಿದೆಯೇ ಎಂದು ನೋಡಿದರು.

"ನುಣ್ಗಿರ್ಲಾ, ವಸಿ ತರಿ ಇರ್ಲಾ?"